ಎಡಕ್ಕೇ ಎಳೆಯುತ್ತಿದ್ದ ಕಾರು

ಮೊದಲು ಸಿಹಿ ಸುದ್ದಿ. ನಮ್ಮ ಮನೆ ಕಾರು ಈಗ ನೆಟ್ಟಗೆ ಓಡುತ್ತಿದೆ! ನನ್ನ ಮೊಮ್ಮಗಳು ಸುಳ್ಳು ಹೇಳಿರಲಿಲ್ಲ! ಕಾರು ಕೆಡಿಸಿದವರೂ ಸಿಕ್ಕಿಬಿದ್ದಿದ್ದಾರೆ. ಮೂರೂ ಒಂದೇ ದಿನ. ಇಷ್ಟು ಖುಷಿ ನನಗೆ ಮಗನ ಮದುವೆಯ ದಿನವೂ ಆಗಿರಲಿಲ್ಲ (ಸೊಸೆ ಇದನ್ನು ಓದುತ್ತಾಳೆ, ತಪ್ಪು ತಿಳಿಯಬಾರದು. ಅವತ್ತು ಅಡುಗೆಯವರು ತಡವಾಗಿ ಬಂದಿದ್ದರು, ಅದಕ್ಕೆ).

ನಿಮ್ಮ ಮನೆಯಲ್ಲಿ ಕಾರೆಲ್ಲಿದೆ, ಸ್ಕೂಟರ್ ತಾನೇ ಇರುವುದು ಎನ್ನುತ್ತೀರಿ. ಕಾರು ಇರುವುದು ಕಂಪ್ಯೂಟರಿನ ಒಳಗೆ. ಹಸಿರು ಬಣ್ಣದ್ದು. ಅದನ್ನು ಓಡಿಸುವುದು ಜಾಯ್‌ಸ್ಟಿಕ್ ಎಂಬ ಕೋಲು. ಕೆಳಗೆ ಚಪ್ಪಟೆ ಪೀಠ, ಮೇಲೆ ಹಿಡಿತುಂಬುವ ಕೋಲು, ಕೋಲಿನ ಬುಡಕ್ಕೆ ನೆರಿಗೆ ನೆರಿಗೆಯಾದ ರಬ್ಬರಿನ ಲಂಗ. ಎಡಕ್ಕೆ ವಾಲಿಸಿದರೆ ಕಾರು ಎಡಕ್ಕೆ, ಬಲಕ್ಕೆ ವಾಲಿಸಿದರೆ ಬಲಕ್ಕೆ. ಕೈಬಿಟ್ಟರೆ ತಾನೇ ನಡುವೆ ಬಂದು ನಿಲ್ಲಬೇಕು.

ಹನ್ನೊಂದು ವರ್ಷದ ಮೇಘಾಗೆ ಅವಳಪ್ಪ, ಅಂದರೆ ನನ್ನ ಮಗ ಸುರೇಶ, ಹುಟ್ಟುಹಬ್ಬಕ್ಕೆ ಕೊಡಿಸಿದ್ದು. ಕೊಡಿಸುವಾಗಲೇ ಷರತ್ತು: ಮನೆಯಿಂದ ಆಚೆ ಒಯ್ಯುವಂತಿಲ್ಲ, ಬೀಳಿಸುವಂತಿಲ್ಲ.

ದಸರಾ ರಜೆ ಮುಗಿಯುವ ಹೊತ್ತಿಗೆ ಕಾರು ಎಡಕ್ಕೆ ಎಳೆಯಲು ಶುರುಮಾಡಿತು. ನಮ್ಮ ಮಾರ್ಕೆಟ್ ಬಸ್ಸಿನ ಡ್ರೈವರು ಸ್ಟಾಪ್ ಕಂಡಕೂಡಲೇ ಎಡಕ್ಕೆ ಎಳೆಯುತ್ತಾನಲ್ಲ, ಹಾಗೆ. ಅವನು ಆಮೇಲೆ ನಿಲ್ಲಿಸದೆ ಹೋಗಿಬಿಡುತ್ತಾನೆ. ಇದು ಗೋಡೆಗೆ ಗುದ್ದಿ ನಿಲ್ಲುತ್ತಿತ್ತು.

ಸುರೇಶ ಬ್ಯಾಂಕಿನಲ್ಲಿ ಗುಮಾಸ್ತ. ಆಫೀಸಿನ ಕಂಪ್ಯೂಟರು ಕೆಟ್ಟರೆ ಇವನನ್ನೇ ಕರೆಯುತ್ತಾರಂತೆ. ವೈರನ್ನು ಹಿಂದಿನ ತೂತಿನಿಂದ ಕಿತ್ತು ಮುಂದಿನ ತೂತಿಗೆ ಹಾಕಿದ. ಸಿ.ಡಿ. ತಂದು ಎಂಥದೋ ತೆಗೆದು ಮತ್ತೆ ತುಂಬಿದ. ಆಟದ್ದೇ ದೋಷವಿರಬಹುದೆಂದು ಬೇರೆ ಆಟ ಹಾಕಿ ನೋಡಿದ. ಅದು ವಿಮಾನದ್ದು. ವಿಮಾನವೂ ಎಡಕ್ಕೇ.

ಕೊನೆಗೆ ಪರದೆಯ ಮೇಲೆ ಒಂದು ಚೌಕ ತೆರೆದ. ಒಳಗೊಂದು ಪ್ಲಸ್ ಗುರುತು. ಕೋಲನ್ನು ಯಾರೂ ಮುಟ್ಟದಿದ್ದಾಗ ಅದು ನಟ್ಟನಡುವೆ ಇರಬೇಕಂತೆ. ನಮ್ಮದು ಎಡಗಡೆ ಅಂಚಿಗೆ ಹೋಗಿ ಚಳಿಜ್ವರ ಬಂದವರ ಹಾಗೆ ನಡುಗುತ್ತಾ ಕೂತಿತ್ತು. ಸುರೇಶ ಕ್ಯಾಲಿಬ್ರೇಟ್ ಎಂಬುದನ್ನು ಒತ್ತಿ ಅದನ್ನು ನಡುವೆ ಕೂರಿಸಿದ. ಐದು ನಿಮಿಷ ಕೂತಿತು. ಮತ್ತೆ ಅಂಚಿಗೆ.

ಆಗ ಅವನು ಕಂಪ್ಯೂಟರ್ ಬಿಟ್ಟು ಮಗಳ ಕಡೆ ತಿರುಗಿದ.

"ಬೀಳಿಸಿದೀಯ."

"ಇಲ್ಲಪ್ಪ."

"ಸುಳ್ಳು ಹೇಳ್ಬೇಡ ಮೇಘಾ. ತಾನಾಗೇ ಹೇಗ್ ಕೆಡುತ್ತೆ?"

ಅವಳು ರಾತ್ರಿ ಊಟಕ್ಕೆ ತಟ್ಟೆ ಎತ್ತಿಕೊಂಡು ಹಿತ್ತಲ ಮೆಟ್ಟಿಲ ಮೇಲೆ ಹೋಗಿ ಕೂತಳು. ಮಾರನೇ ದಿನವೂ ಅಷ್ಟೇ. ಒಂಬತ್ತು ದಿನ! ಅಪ್ಪನ ಹಟವೇ ಮಗಳಿಗೂ. ಒಳಗೆ ಮೂರು ತಟ್ಟೆ, ಹೊರಗೆ ಒಂದು. ಎಂಥ ರುಚಿಯಾದ ಹುಳಿಯಾದರೂ ಗಂಟಲಲ್ಲಿ ಇಳಿಯುತ್ತದೆಯೇ?

ಮೊನ್ನೆ ಶನಿವಾರ ಮಧ್ಯಾಹ್ನ ಆ ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ತಿರುಗಿಸುತ್ತಿದ್ದೆ. ಒಳಗಿಂದ ಸಣ್ಣಗೆ ಕರಕರ ಎಂದಿತು. ಎಲ್ಲೋ ಕೇಳಿದ ಸದ್ದು. ಎಲ್ಲಿ? ನಮ್ಮ ಹಳೇ ರೇಡಿಯೋ! ಅದರ ವಾಲ್ಯೂಮ್ ತಿರುಪು ಹೀಗೇ ಕರಕರ ಎನ್ನುತ್ತಿತ್ತು. ಐದನೇ ಮೇನ್ ರೋಡಿನ ಶಂಕ್ರಪ್ಪನವರು ಬಿಚ್ಚಿ, ಉಜ್ಜಿ, ಸರಿಮಾಡಿ ಕೊಟ್ಟಿದ್ದರು. ಚಪ್ಪಲಿ ಹಾಕ್ಕೋ ಎಂದೆ ಮೇಘಾಗೆ.

"ಅಜ್ಜಿ, ಅದು ರೇಡಿಯೋ ರಿಪೇರಿ ಅಂಗಡಿ."

"ಕರಕರ ಅನ್ನೋದೆಲ್ಲ ಅವರಿಗೆ ಗೊತ್ತು, ಬಾ."

(ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಕಿವಿಗೆ ಯಾವ ಕ್ಲಾಸು ಬೇಕು ಹೇಳಿ?)

ಶಂಕ್ರಪ್ಪನವರು ಪೇಪರ್ ಹಾಸಿ ನಾಲ್ಕು ಸ್ಕ್ರೂ ಬಿಚ್ಚಿದರು. ಒಳಗೆ ಇರುವುದೂ ವಾಲ್ಯೂಮ್ ಕಂಟ್ರೋಲೇ ಅಂತೆ, ಎರಡು. ರೇಡಿಯೋದಲ್ಲಿ ಸದ್ದು ಜಾಸ್ತಿ ಕಮ್ಮಿ ಮಾಡುತ್ತದೆ, ಇಲ್ಲಿ ಒಂದು ಎಡ ಬಲ ನೋಡಿಕೊಳ್ಳುತ್ತದೆ, ಇನ್ನೊಂದು ಹಿಂದೆ ಮುಂದೆ. ನಾನು ಮೇಘಾ ಕಡೆ ನೋಡಿದೆ, ನೋಡಿದೆಯಾ ಎನ್ನುವ ಹಾಗೆ. ಜಂಬ.

ಆ ಜಂಬ ಅರ್ಧ ನಿಮಿಷ ಬಾಳಿತು. ಅವರು ರಬ್ಬರಿನ ಲಂಗ ಎತ್ತಿದರು. ಪೇಪರಿನ ಮೇಲೆ ಕೆಂಪಗೆ ಪುಡಿ ಉದುರಿತು. ಸ್ಪ್ರಿಂಗಿನ ಸಂದಿಯಲ್ಲಿ ಹಳದಿ ಗಟ್ಟಿ, ಸಿಮೆಂಟಿನ ಹಾಗೆ. ಕೆರೆದು ಮೂಸಿ ನೋಡಿದರು. ನನ್ನ ಹಣೆ ನೋಡಿದರು.

"ಅಮ್ಮ, ಆಯುಧಪೂಜೆ ಜೋರಾಗೇ ಮಾಡಿದ್ರಾ?"

ಮಾಡಿದ್ದೆ. ಹೊಲಿಗೆ ಮೆಷಿನ್ನಿಗೆ, ಮಿಕ್ಸಿಗೆ, ಸ್ಕೂಟರಿಗೆ ಎಲ್ಲಕ್ಕೂ. ಸ್ಕೂಟರಿನ ಚಕ್ರದಡಿ ನಿಂಬೆಹಣ್ಣು ಇಟ್ಟೆ. ಆದರೆ ಮೇಘಾ ಕಾರು? ಹೊಸ ಗಾಡಿ, ಓಡಿಸುವುದು ಮಗು. ಗಾಜಿನ ಒಳಗಿರುವ ಚಕ್ರದಡಿ ನಿಂಬೆಹಣ್ಣು ಇಡುವುದು ಹೇಗೆ? ಅದಕ್ಕೇ ಆ ಕೋಲಿಗೆ ಎರಡರಷ್ಟು ಗಂಧ, ಎರಡರಷ್ಟು ಕುಂಕುಮ ಹಚ್ಚಿದ್ದೆ. ಮಾರನೇ ದಿನ ಮಗುವಿನ ಕೈಯೆಲ್ಲ ಕೆಂಪಾಯಿತೆಂದು ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿದೆ. ಎಷ್ಟು ಚೆನ್ನಾಗಿ ಎಂದರೆ, ಹೊರಗಿದ್ದದ್ದೆಲ್ಲ ಒಳಗೆ ಹೋಯಿತು.

ಮೇಘಾ ನಗಲಿಲ್ಲ. ನನ್ನ ಸೆರಗು ಹಿಡಿದು ಮೆಲ್ಲಗೆ ಹೇಳಿದಳು:

"ಅಪ್ಪಂಗೆ ಹೇಳ್ಬೇಡ ಅಜ್ಜಿ, ನಿಂಗೆ ಬೈತಾರೆ. ಧೂಳಿತ್ತು ಅನ್ನೋಣ."

ಒಂಬತ್ತು ದಿನ ಮೆಟ್ಟಿಲ ಮೇಲೆ ಉಂಡ ಮಗು, ಸ್ವಾಮಿ. ತಾನು ಹೇಳದ ಸುಳ್ಳಿಗೆ. ಈಗ ನನಗೋಸ್ಕರ ಒಂದು ನಿಜವಾದ ಸುಳ್ಳು ಹೇಳಲು ತಯಾರು! ಅಂಗಡಿಯ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ಶಂಕ್ರಪ್ಪನವರು ನಾನು ಕೋಲಿಗಾಗಿ ಅಳುತ್ತಿದ್ದೇನೆ ಎಂದುಕೊಂಡು, ಈಗ ಆಗೋಗುತ್ತೆ ಅಮ್ಮ, ಸಮಾಧಾನ ಮಾಡ್ಕೊಳ್ಳಿ ಎಂದರು. ಬ್ರಶ್ಶಿನಲ್ಲಿ ಉಜ್ಜಿ, ನಾಲ್ಕು ಹನಿ ಸ್ಪಿರಿಟ್ ಬಿಟ್ಟು ಮುಚ್ಚಿದರು. ಕೋಲು ಪ್ರಾರ್ಥನೆಗೆ ನಿಂತ ಹುಡುಗಿಯ ಹಾಗೆ ನೆಟ್ಟಗೆ ನಿಂತಿತು.

ಆ ಕೆಂಪು ಪುಡಿಯನ್ನು ಪೇಪರಿನಲ್ಲಿ ಪೊಟ್ಟಣ ಕಟ್ಟಿಸಿಕೊಂಡು ಬಂದೆ. ಸುರೇಶನ ಮುಂದೆ ಬಿಚ್ಚಿ ಎಲ್ಲ ಹೇಳಿದೆ. ಹೇಳುವಾಗ ನನಗೆ ನಗು ತಡೆಯಲಾಗುತ್ತಿರಲಿಲ್ಲ. ತಪ್ಪು ಮಾಡಿ ಇಷ್ಟು ಸಂತೋಷಪಟ್ಟವರು ಚಾಮರಾಜಪೇಟೆಯಲ್ಲಿ ಬೇರೆ ಯಾರೂ ಇರಲಾರರು. ಅವನು ನಗಲಿಲ್ಲ. ವೈರು ಸಿಕ್ಕಿಸಿ ಆ ಚೌಕ ತೆರೆದ. ಪ್ಲಸ್ ನಟ್ಟನಡುವೆ, ಅಲ್ಲಾಡದೆ.

ಊಟದ ಹೊತ್ತಿಗೆ ಮೇಘಾ ಅಭ್ಯಾಸಬಲದಿಂದ ತಟ್ಟೆ ಎತ್ತಿಕೊಂಡು ಹಿತ್ತಲ ಕಡೆ ಹೊರಟಳು.

"ಮೇಘಾ," ಎಂದ ಸುರೇಶ. "ನಾನ್ ನಿನ್ನ ನಂಬಬೇಕಿತ್ತು. ಇಲ್ಲಿ ಬಾ, ನನ್ ಪಕ್ಕ ಕೂತ್ಕೊ."

ಅವಳು ತಟ್ಟೆ ಹಿಡಿದೇ ತಿರುಗಿದಳು. "ಊಟ ಆದ್ಮೇಲೆ ನನ್ ಜತೆ ರೇಸ್ ಆಡ್ಬೇಕು. ಸೋತ್ರೆ ಕೋಲು ಸರಿಯಿಲ್ಲ ಅನ್ಬಾರ್ದು."

ನಾಲ್ಕೂ ತಟ್ಟೆ ಒಂದೇ ಸಾಲಿನಲ್ಲಿ. ಸೊಸೆ ಲತಾ ಎಲ್ಲರಿಗೂ ತುಪ್ಪ ಬಡಿಸಿ ತಾನೂ ಕೂತಳು. ಮೊದಲ ತುತ್ತಿಗೇ ಗೊತ್ತಾಯಿತು, ಹುಳಿಗೆ ಉಪ್ಪು ಎರಡು ಸಲ ಬಿದ್ದಿದೆ. ಸುರೇಶ ಮಗಳ ಕಡೆ ನೋಡಲಿಲ್ಲ. ಹೆಂಡತಿಯ ಕಡೆಯೂ ನೋಡಲಿಲ್ಲ. ಮೂವರೂ ಒಟ್ಟಿಗೆ ನನ್ನನ್ನೇ ನೋಡಿದರು.

ಅವತ್ತು ನಾನು ಅಡುಗೆಮನೆಯ ಹೊಸ್ತಿಲನ್ನೂ ತುಳಿದಿರಲಿಲ್ಲ, ನೀವಾದರೂ ನಂಬುತ್ತೀರಾ?