ಖಾಲಿ ಬಿಟ್ಟ ಕಾಲಂ

ಮದ್ದೂರು ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ ಬಸುರಿಯರ ರಿಜಿಸ್ಟರು ಬರೆಯುವುದು ನನ್ನ ಕೆಲಸ. ಕಂಪ್ಯೂಟರ್ ಕಲಿತಿರಲಿ ಅಂತ ಭಾನುವಾರಗಳಲ್ಲಿ ಮಂಡ್ಯದ ಕ್ಲಾಸಿಗೆ ಸೇರಿದ್ದೆ. ನಲವತ್ತು ದಾಟಿದವಳು ಡೇಟಾಬೇಸಿನ ಭಾಷೆ ಎಸ್‌ಕ್ಯೂಎಲ್ ಕಲಿಯುವುದು ನೋಡಿ ನಗುವವರು ನಗಲಿ, ನನಗೇನು! ನಮ್ಮ ಕೇಂದ್ರಕ್ಕೇ ಸೇರಿದ ನನ್ನ ತವರು ಕೊಪ್ಪದಲ್ಲಿ ತಮ್ಮನ ಹೆಂಡತಿ ಆಗ ಮೂರನೇ ಸಲ ಬಸುರಿ, ನಾಲ್ಕು ತಿಂಗಳು. ಮೊದಲನೆಯದು ಹೆಣ್ಣು, ಎರಡನೆಯದು ಹೊಟ್ಟೆಯಲ್ಲಿ ನಿಲ್ಲಲಿಲ್ಲ ಅಂದಿದ್ದಳು ಅವ್ವ. ಇದಾದರೂ ಉಳಿಯಲಿ ಅಂತ ವೈದ್ಯನಾಥಪುರಕ್ಕೆ ಹೋಗಿ ಹರಕೆ ಕಟ್ಟಿಕೊಂಡಿದ್ದೆ.

"ನಿಮಗೆ ಗೊತ್ತಿರೋ ಕೆಲಸದ್ದೇ ಒಂದು ಡೇಟಾಬೇಸ್ ಮಾಡ್ಕೊಂಡು ಬನ್ನಿ" ಅಂದರು ಮೇಷ್ಟ್ರು. ನನಗೆ ಗೊತ್ತಿದ್ದದ್ದು ಬಸಿರು, ಹೆರಿಗೆ. 'ಕ್ರಿಯೇಟ್ ಡೇಟಾಬೇಸ್' ಅಂತ ಟೈಪ್ ಮಾಡಿ ಎರಡು ಟೇಬಲ್, ಅಂದರೆ ಪಟ್ಟಿ, ಕಟ್ಟಿದೆ. ಒಂದರಲ್ಲಿ ಹಿಂದಿನ ವರ್ಷಗಳ ಬಸುರಿಯರು, ಇನ್ನೊಂದರಲ್ಲಿ ಹುಟ್ಟಿದ ಕೂಸುಗಳು. ಯಾರ ಹೆಸರನ್ನೂ ಹಾಕಲಿಲ್ಲ, ಒಬ್ಬೊಬ್ಬರಿಗೆ ಒಂದು ನಂಬರು. ಕೂಸಿನ ಟೇಬಲ್ಲಿನಲ್ಲಿ ಹುಟ್ಟಿದ ದಿನಾಂಕದ ಕಾಲಂ ಖಾಲಿ ಬಿಡುವಂತಿಲ್ಲ ಅಂತ ನಿಯಮ ಹಾಕಿದೆ. ಮೇಷ್ಟ್ರು ಭೇಷ್ ಅಂದರು.

ನಂಬರಿನಿಂದ ಎರಡು ಟೇಬಲ್ಲನ್ನೂ ಜೋಡಿಸಿದರೆ ತಾಯಿಯ ಪಕ್ಕ ಮಗು ಬಂದು ನಿಲ್ಲಬೇಕು. ಬಂತು. ಆದರೆ ಕೆಲವು ತಾಯಂದಿರ ಪಕ್ಕ ಬರೀ 'ನಲ್' ಅಂತ ತೋರಿಸಿತು. ನಲ್ ಅಂದರೆ ಸೊನ್ನೆಯಲ್ಲ, ಏನೂ ಇಲ್ಲ ಅಂತ. ನಾನೇ ಎಡವಟ್ಟು ಮಾಡಿದ್ದೇನೆ ಅಂತ ಮೂರು ಸಲ ತಿದ್ದಿದೆ.

"ನೀವು ಬರೆದ ಕ್ವೆರಿ ಸರಿಯಾಗೇ ಇದೆ ಮೇಡಂ" ಅಂದರು ಮೇಷ್ಟ್ರು.

ಹಾಗಾದರೆ ಹೆರಿಗೆಗೆ ತವರಿಗೆ ಹೋದವರಿರಬೇಕು. ರಿಜಿಸ್ಟರಿನಲ್ಲಿ ನಾವು ಬರೆಯುವುದೂ ಅದನ್ನೇ. ಆದರೆ ನಮ್ಮ ಕಡೆ ತವರಿಗೆ ಹೋಗುವುದು ಚೊಚ್ಚಲಿಗೆ. ಇವರೆಲ್ಲ ಎರಡನೆಯದು, ಮೂರನೆಯದು. ಮೊದಲ ಮಗು ಗಂಡೋ ಹೆಣ್ಣೋ ಅಂತ ಇನ್ನೊಂದು ಕಾಲಂ ಸೇರಿಸಿದೆ. ಒಂದರ ಕೆಳಗೊಂದು ಬಂತು: ಹೆಣ್ಣು, ಹೆಣ್ಣು, ಹೆಣ್ಣು. ಆ ಸಾಲುಗಳಲ್ಲಿ ತಮ್ಮನ ಹೆಂಡತಿಯ ನಂಬರೂ ಇತ್ತು, ಎರಡನೇ ಬಸಿರಿನದು. ಊರಿಗೆಲ್ಲ ಬುದ್ಧಿ ಹೇಳುವವಳು ನಾನು, ದೀಪದ ಬುಡದಲ್ಲೇ ಕತ್ತಲು!

ಕ್ಲಾಸಿನಿಂದ ನೇರ ಕೊಪ್ಪದ ಬಸ್ಸು ಹತ್ತಿದೆ. ಅವ್ವ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

"ಓದ್ಸಲ ಏನ್ ಮಾಡುಸುದ್ರಿ ಅವ್ವ? ನಿಜ ಏಳು."

"ಯಾರಮ್ಮಿ ನಿಂಗೇಳುದ್ದು?"

"ಕಂಪ್ಯೂಟ್ರು."

"ನಿನ್ ಕಂಪ್ಯೂಟ್ರು ಎರ್ತದಾ? ಸಾಕ್ತದಾ? ಸುಮ್ಕಿರು."

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಮೊರವನ್ನು ಎಳೆದು ಎಸೆದೆ. "ನಾನೂ ಎಣ್ಣೇ ಅಲ್ವಾ? ನನ್ ಯಾಕ್ ಉಳುಸ್ಕೊಂಡೆ?"

ಚೆಲ್ಲಿದ ಕಾಳನ್ನು ಅವ್ವ ಒಂದೊಂದೇ ಆಯ್ದುಕೊಂಡಳು. "ಆಗ ಮೊದ್ಲೇ ಗೊತ್ತಾಯ್ತಿರ್ಲಿಲ್ಲ ಕಣಮ್ಮಿ" ಅಂದಳು.

ದೂರು ಕೊಡ್ತೀನಿ ಅಂತ ಬೀದಿಗೆ ಕೇಳುವಂತೆ ಕೂಗಾಡಿದೆ. ತಮ್ಮ ನನ್ನ ಕೈ ಹಿಡಿದು, "ಈ ಸಲ ಏನೂ ಮಾಡ್ಸಲ್ಲ ಬುಡಕ್ಕ, ನಿನ್ನಾಣೆ" ಅಂದ. ನಂಬಿದೆ. ದೂರು ಕೊಟ್ಟರೆ ಅವನು ಜೈಲಿಗೆ ಹೋದಾನು ಅನ್ನುವ ಹೆದರಿಕೆಯೂ ಇತ್ತು, ಸುಳ್ಳು ಹೇಳುವುದಿಲ್ಲ. ನನ್ನ ಬುದ್ಧಿಗಿಷ್ಟು ಮಣ್ಣು ಹಾಕ!

ಮುಂದಿನ ಗುರುವಾರ ಹೋದಾಗ ತಮ್ಮನ ಹೆಂಡತಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹಿಂದಿನ ದಿನ ಬೈಕಿನಲ್ಲಿ ಮಳವಳ್ಳಿ ಕಡೆ ಎಲ್ಲಿಗೋ ಕರೆದುಕೊಂಡು ಹೋಗಿ ತೆಗೆಸಿದ್ದರಂತೆ. ಅವಳ ಕಾಲು ಮುಟ್ಟಿದೆ, ತಣ್ಣಗಿತ್ತು.

"ನಿನ್ ಕಂಪ್ಯೂಟ್ರಲ್ಲಿ ನಾನೂ ಇವ್ನಿ ಅಂತೆ, ಅಕ್ಕ?" ಅಂತ ಅವಳೇ ಕೇಳಿದಳು.

"ನಂಬ್ರು ಅಷ್ಟೇ ಕಣವ್ವ. ಬ್ಯಾಡ ಅಂದ್ರೆ ಅಳುಸ್ಬುಡ್ತೀನಿ."

"ಅಳುಸ್ಬ್ಯಾಡ. ನನ್ ಪಕ್ಕದಲ್ಲಿ ಏನೈತೆ?"

"ಏನೂ ಇಲ್ಲ."

"ಖಾಲಿ ಬುಡ್ಬ್ಯಾಡ ಕಣಕ್ಕ. ಓದ್ಸಲದ್ದು, ಈ ಸಲದ್ದು, ಎಲ್ಡೂ ಎಣ್ಣೇ ಅಂದ್ರು. ಅಂಗಂತ ಬರಿ."

ಮನೆಗೆ ಬಂದು, ಕ್ಲಾಸಿಗೆಂದು ಕೊಂಡಿದ್ದ ಲ್ಯಾಪ್‌ಟಾಪಿನಲ್ಲಿ ಕೂಸಿನ ಟೇಬಲ್ಲು ತೆರೆದೆ. ತಾಯಿಯ ನಂಬರು ಹಾಕಿದೆ. ಹೆಣ್ಣು ಅಂತ ಟೈಪ್ ಮಾಡಿದೆ. ಕಂಪ್ಯೂಟರು ತೆಗೆದುಕೊಳ್ಳಲಿಲ್ಲ. ನಾನೇ ಕಟ್ಟಿದ ನಿಯಮ. ಹುಟ್ಟಿದ ದಿನಾಂಕ ಬೇಕೇ ಬೇಕು ಅಂತ ಕೂತಿತು. ಎಲ್ಲಿಂದ ತರಲಿ?