ಎಂಟೂವರೆಯ ರೈಲಿಗೆ ಹೊರಟ ದಿಕ್ಸೂಚಿ

ಮಹಾನಗರದ ಹೊರಗಿನ ಬಡಾವಣೆಯ ಆ ಹೋಟೆಲ್ಲಿನಲ್ಲಿ ರಿಸೆಪ್ಷನ್ ಮೇಜಿನ ಹಿಂದೆ ಕೂರುವವನನ್ನು ಅಡುಗೆಮನೆಯವರು ‘ದಿಕ್ಸೂಚಿ’ ಎಂದು ಕರೆಯುತ್ತಿದ್ದರು. ಗೇಲಿಗೆಂದು ಇಟ್ಟ ಹೆಸರು. ಅವನು ಅದನ್ನು ಬಿರುದೆಂದೇ ಸ್ವೀಕರಿಸಿಬಿಟ್ಟಿದ್ದ. ಸಾಮಾನು ಹೊರುವ ಕೆಲಸಕ್ಕೆ ಸೇರಿದವನು, ಹೊರುವುದಕ್ಕಿಂತ ಹೆಚ್ಚು ಮಾತಾಡುತ್ತಾನೆಂದು ಮಾಲೀಕರು ಮೇಜಿನ ಹಿಂದೆ ತಂದು ಕೂರಿಸಿದ್ದರು. ಅಲ್ಲಿಂದ ಮುಂದೆ ಬಂದವರು ಕೋಣೆಯ ಬೀಗದಕೈ ಕೇಳುವ ಮೊದಲೇ ಅವರಿಗೆ ನಗರದ ದಾರಿ ಸಿಗುತ್ತಿತ್ತು.

“ಗೇಟಿಂದ ಎಡಕ್ಕೆ, ಪೆಟ್ರೋಲ್ ಬಂಕ್ ದಾಟಿ ನೇರ ಹೋಗಿ. ಮೇಲ್ಸೇತುವೆ ಹತ್ತಿ ಇಳಿದ್ರೆ ಮೆಟ್ರೋ. ಹತ್ತೇ ನಿಮಿಷ.” ಹೇಳುವಾಗ ಬಲಗೈ ಎಷ್ಟು ಗಂಭೀರವಾಗಿ ಮೇಲೇಳುತ್ತಿತ್ತೆಂದರೆ, ಹಳಿಗಳನ್ನು ಮುಂದೆ ನಿಂತು ಹಾಕಿಸಿದವನು ಇವನೇ ಇರಬೇಕು ಅನ್ನಿಸುತ್ತಿತ್ತು.

ನಿಜ ಹೇಳಬೇಕೆಂದರೆ, ಮೆಟ್ರೋ ಶುರುವಾದ ಮೇಲೆ ಅವನು ಒಮ್ಮೆಯೂ ಅದನ್ನು ಹತ್ತಿರಲಿಲ್ಲ. ಮನೆ ಹೋಟೆಲ್ಲಿನ ಹಿಂಭಾಗದಲ್ಲೇ. ರಜೆ ಸಿಕ್ಕರೆ ನಿದ್ದೆ. ದಾರಿಯೆಲ್ಲ ಹೋಗಿಬಂದವರ ಬಾಯಿಂದ ಕಲಿತದ್ದು. ‘ಹತ್ತೇ ನಿಮಿಷ’ ಮಾತ್ರ ಮಾಲೀಕರು ಬಾಗಿಲ ಮೇಲೆ ಬರೆಸಿದ ಬೋರ್ಡಿನಿಂದ ಕಲಿತದ್ದು.

ಅಂಥವನ ಮಗಳು ಮೆಟ್ರೋ ಚಾಲಕಿಯಾದಳು. ತರಬೇತಿ ಮುಗಿಯಿತು. ಪಕ್ಕದಲ್ಲಿ ಹೇಳಿಕೊಡುವವರಿಲ್ಲದೆ, ಬೋಗಿಯ ತುಂಬ ಜನರನ್ನು ಕೂರಿಸಿಕೊಂಡು ಮೊದಲ ಸಲ ಅವಳೊಬ್ಬಳೇ ಓಡಿಸುವ ರೈಲು ಬೆಳಗಿನ ಎಂಟೂವರೆಯದು ಎಂದು ಗೊತ್ತಾಯಿತು. ದಿಕ್ಸೂಚಿ ಆ ರೈಲಿನಲ್ಲಿ ಇರಲೇಬೇಕು. ಮೊದಲ ಸಲ ಅನ್ನುವುದು ಎರಡು ಸಲ ಬರುವುದಿಲ್ಲವಲ್ಲ.

“ನೀನು ಬರೋದು ಬೇಡಪ್ಪ,” ಅಂದಳು ಮಗಳು, ಹಿಂದಿನ ದಿನ ಊಟಕ್ಕೆ ಕೂತಾಗ. “ಬಂದ್ರೆ ಕ್ಯಾಬಿನ್ ಬಾಗಿಲು ತಟ್ಟಿ ದಾರಿ ಹೇಳ್ತೀಯ.”

“ಹಳಿ ಮೇಲೆ ಹೋಗೋ ಗಾಡಿಗೆ ದಾರಿ ಏನು ಹೇಳೋದೇ, ಪುಟ್ಟಿ?”

“ಅದೇ ಭಯ. ಅದಕ್ಕೂ ಏನಾದ್ರೂ ಹುಡುಕಿ ಇಟ್ಕೊಂಡಿರ್ತೀಯ.”

ಹೆಂಡತಿ ನಡುವೆ ಬಂದು ರಾಜಿ ಮಾಡಿಸಿದಳು. ಬರಬಹುದು, ಆದರೆ ಬಾಗಿಲು ತಟ್ಟುವಂತಿಲ್ಲ, ಓಡಿಸುತ್ತಿರುವವಳು ತನ್ನ ಮಗಳೆಂದು ಯಾರ ಹತ್ತಿರವೂ ಬಾಯಿ ಬಿಡುವಂತಿಲ್ಲ. ಅವನು ಆಣೆ ಮಾಡಿದ. “ಪಾಪ, ಮಾತು ತಡೆದು ಹೊಟ್ಟೆ ಉಬ್ಬರಿಸಿಕೊಂಡು ಸಾಯ್ತಾರೆ,” ಅಂದಳು ಹೆಂಡತಿ, ಅವನ ತಟ್ಟೆಗೆ ಅನ್ನ ಹಾಕುತ್ತಾ.

ಬೆಳಿಗ್ಗೆ ಹೆಂಡತಿ ಬಹಳ ಮೊದಲೇ ಸಿದ್ಧಳಾಗಿ, ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ಕೂತಿದ್ದಳು. ದಿಕ್ಸೂಚಿ ಮಾತ್ರ ಕೋಟಿಗೆ ನಿಧಾನವಾಗಿ ಇಸ್ತ್ರಿ ಹಾಕಿದ. “ಹತ್ತು ನಿಮಿಷದ ದಾರಿಗೆ ಯಾಕಿಷ್ಟು ಒದ್ದಾಡ್ತೀಯ? ಕಾಲು ಗಂಟೆ ಮುಂಚೆ ಹೊರಟ್ರೆ ಧಾರಾಳ.”

ಹೊರಟರು. ಪೆಟ್ರೋಲ್ ಬಂಕ್ ದಾಟುವಷ್ಟರಲ್ಲೇ ಎಂಟು ನಿಮಿಷ ಹೋಯಿತು. ಮೇಲ್ಸೇತುವೆ ಕಾಣಿಸಿತು. ಆದರೆ ಎಷ್ಟು ನಡೆದರೂ ಅದು ಕಂಡಷ್ಟು ದೂರದಲ್ಲೇ ನಿಂತಿತ್ತು. ಕೋಟಿನೊಳಗೆ ಬೆವರು ಇಳಿಯತೊಡಗಿತು.

“ರೀ, ಹತ್ತು ನಿಮಿಷ ಆಗಿಹೋಯ್ತು,” ಅಂದಳು ಹೆಂಡತಿ.

“ನೀನು ಮೆಲ್ಲಗೆ ನಡೀತಿದೀಯ.”

ಅವಳು ಅವನಿಗಿಂತ ನಾಲ್ಕು ಮಾರು ಮುಂದಿದ್ದಳು.

ಆಗ ಹಿಂದಿನಿಂದ ಯಾರೋ ಕೂಗಿದರು. ಕನ್ನಡಕದ ಫ್ರೇಮು ಮಾರುವ ಏಜೆಂಟು, ಹೋಟೆಲ್ಲಿಗೆ ಆಗಾಗ ಬರುವವನು, ಮಾದರಿಗಳ ಪೆಟ್ಟಿಗೆ ಹಿಡಿದು ಬಂಕಿನ ಪಕ್ಕದಲ್ಲಿ ನಿಂತಿದ್ದ. “ಏನ್ ಸಾರ್, ವಾಕಿಂಗಾ?”

“ಮೆಟ್ರೋಗೆ.”

“ಮೆಟ್ರೋಗಾ? ಆ ಕಡೆಯಿಂದ ಯಾಕೆ ಹೋಗ್ತಿದೀರಿ?”

“ಇದೇ ದಾರಿ. ಎಲ್ಲರಿಗೂ ನಾನೇ ಹೇಳ್ತೀನಿ.”

“ಗೊತ್ತು ಸಾರ್. ನಿಮ್ಮ ದಾರೀಲಿ ಒಂದು ಸಲ ಹೋಗಿದ್ದೆ. ನಾನು ತಲುಪೋ ಹೊತ್ತಿಗೆ ಅಂಗಡಿಯವರು ಊಟಕ್ಕೆ ಎದ್ದುಹೋಗಿದ್ರು. ಬನ್ನಿ ಈ ಕಡೆ.”

ಬಂಕಿನಲ್ಲಿ ಕಾರು ತೊಳೆಯುವ ಜಾಗದ ಹಿಂದೆ ಗೋಡೆಯಲ್ಲೊಂದು ಸಣ್ಣ ಗೇಟಿತ್ತು. ಅದರಾಚೆ ಮರದ ಡಿಪೋ. ಹಲಗೆಗಳ ರಾಶಿಯ ನಡುವೆ ಒಬ್ಬರು ಹೋಗುವಷ್ಟು ಕಿರುದಾರಿ. ಮೂವರೂ ಓಡಿದರು. ಹೆಂಡತಿ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು. ದಿಕ್ಸೂಚಿಯ ಕೋಟಿಗೆ ಮರದ ಪುಡಿ ಮೆತ್ತಿಕೊಂಡಿತು, ಶೂಸಿನಲ್ಲಿ ಸೋಪಿನ ನೀರು ಪಚಪಚ ಅನ್ನುತ್ತಿತ್ತು.

“ಇಷ್ಟು ವರ್ಷದಲ್ಲಿ ನನಗೆ ಒಂದು ಮಾತು ಹೇಳಬಾರದಿತ್ತೇನ್ರಿ?” ಎಂದು ಏದುಸಿರಿನಲ್ಲೇ ಕೇಳಿದ.

“ಹೇಳೋಕೆ ಬಿಟ್ರೆ ತಾನೇ ಸಾರ್.”

ಡಿಪೋದ ಆಚೆ ಬಾಗಿಲು ದಾಟಿದರೆ ಎದುರಿಗೇ ನಿಲ್ದಾಣ. ಟಿಕೆಟ್ಟು, ಮೆಟ್ಟಿಲು, ಕೀಂಯ್ ಎನ್ನುತ್ತಾ ಮುಚ್ಚಿಕೊಳ್ಳಲು ಹೊರಟ ಬಾಗಿಲು. ಮೂವರೂ ಮೊದಲ ಬೋಗಿಯೊಳಕ್ಕೆ ನುಗ್ಗಿದರು. ಕೋಟಿನ ತುದಿ ಮಾತ್ರ ಹೊರಗುಳಿಯಿತು, ಎಳೆದುಕೊಂಡ.

ರೈಲು ಹೊರಟಿತು. ಎಷ್ಟು ನಯವಾಗಿ ಹೊರಟಿತೆಂದರೆ, ದಿಕ್ಸೂಚಿ ಬಾಯಿ ತೆರೆದ. ಹೆಂಡತಿ ಮೊಣಕೈಯಿಂದ ತಿವಿದಳು, ಮುಚ್ಚಿಕೊಂಡ. ಎದುರಿಗೆ ಚಾಲಕರ ಕ್ಯಾಬಿನ್ನಿನ ಬೂದು ಬಾಗಿಲು. ಅದರಾಚೆ ಅವಳು. ಕಿಟಕಿಯಲ್ಲಿ ಮೊದಲು ಗೋದಾಮುಗಳ ತಗಡು ಓಡಿತು, ಆಮೇಲೆ ಮನೆಗಳ ತಾರಸಿ, ಒಣಹಾಕಿದ ಬಟ್ಟೆ, ಆಮೇಲೆ ಗಾಜಿನ ಕಟ್ಟಡಗಳು ಒಂದರ ಹೆಗಲ ಮೇಲಿಂದ ಒಂದು ಇಣುಕತೊಡಗಿದವು. ನಗರವೇ ಎದ್ದು ಎದುರುಗೊಳ್ಳಲು ಬರುತ್ತಿರುವಂತಿತ್ತು. ಯಾರಿಗಾದರೂ ಹೇಳದಿದ್ದರೆ ಸಿಡಿದುಹೋಗುತ್ತೇನೆ ಅನ್ನಿಸಿ, ದಿಕ್ಸೂಚಿ ತುಟಿ ಕಚ್ಚಿಕೊಂಡು ಕಂಬ ಹಿಡಿದು ನಿಂತ.

ಎರಡು ನಿಲ್ದಾಣಗಳ ನಡುವೆ ರೈಲು ಗಕ್ಕನೆ ನಿಂತಿತು.

ದಿಕ್ಸೂಚಿಯ ಕೈ ತಾನಾಗಿಯೇ ಮೇಲೆದ್ದು ಬೂದು ಬಾಗಿಲಿನತ್ತ ಹೋಯಿತು. ಅರ್ಧದಲ್ಲಿ ಆಣೆ ನೆನಪಾಗಿ ಅದೇ ಕೈಯಿಂದ ತಲೆ ಕೆರೆದುಕೊಂಡ. ಸ್ಪೀಕರಿನಲ್ಲಿ ದನಿ ಬಂತು: “ಮುಂದಿನ ಸಿಗ್ನಲ್‌ಗಾಗಿ ಕಾಯುತ್ತಿದ್ದೇವೆ. ಸ್ವಲ್ಪ ಹೊತ್ತಿನಲ್ಲಿ ಹೊರಡುತ್ತೇವೆ.” ಮನೆಯಲ್ಲಿ ಉಪ್ಪು ಕೇಳುವ ದನಿಯೇ, ಆದರೆ ಇಸ್ತ್ರಿ ಹಾಕಿದ್ದು.

“ಯಾರೋ ಹೊಸಬರನ್ನ ಕೂರಿಸಿದಾರೆ,” ಎಂದು ಗೊಣಗಿದ ಸೀಟಿನಲ್ಲಿದ್ದ ದಪ್ಪ ಮೀಸೆಯವನು. “ಓಡ್ಸೋಕೆ ಬರದಿದ್ರೆ ಹೀಗೇ.”

ದಿಕ್ಸೂಚಿಯ ಮುಖ ಕೆಂಪಗಾಯಿತು. ಗಂಟಲಿನವರೆಗೆ ಬಂದದ್ದನ್ನು ನುಂಗಿದ. ಮತ್ತೆ ಬಂತು, ಮತ್ತೆ ನುಂಗಿದ.

“ಅವಳು ನನ್ನ ಮಗಳು,” ಅಂದಿತು ಪಕ್ಕದಿಂದ ಒಂದು ದನಿ. ಹೆಂಡತಿ. ಇಡೀ ಬೋಗಿಗೆ ಕೇಳಿಸಿತು. “ಕೆಂಪು ದೀಪ ಇದ್ದಾಗ ನಿಲ್ಲಿಸಬೇಕು ಅಂತ ಹೇಳಿಕೊಟ್ಟಿದಾರೆ. ನಿಮಗೆ ಅವಸರ ಇದ್ರೆ ಇಳಿದು ನಡೀರಿ.”

ಮೀಸೆಯವನು ಎದ್ದು ಅವಳಿಗೆ ಸೀಟು ಬಿಟ್ಟುಕೊಟ್ಟ. ಏಜೆಂಟು ಪೆಟ್ಟಿಗೆಯ ಮೇಲೆ ಮೆಲ್ಲಗೆ ಚಪ್ಪಾಳೆಯಂತೆ ತಟ್ಟಿದ.

“ಆಣೆ?” ಎಂದು ಪಿಸುಗುಟ್ಟಿದ ದಿಕ್ಸೂಚಿ.

“ಮಾಡಿದ್ದು ನೀವು. ನನ್ನನ್ನ ಯಾರೂ ಕೇಳಲಿಲ್ಲ.”

ರೈಲು ಮತ್ತೆ ಹೊರಟು, ನೆಲದಡಿಗೆ ಇಳಿದು, ನಗರದ ಹೊಟ್ಟೆಯೊಳಗಿನ ಕೊನೆಯ ನಿಲ್ದಾಣದಲ್ಲಿ ಗೆರೆ ಎಳೆದಂತೆ ನಿಂತಿತು. ಜನ ಮೆಟ್ಟಿಲಿನತ್ತ ಹರಿದರು. ಏಜೆಂಟು ಕೈಬೀಸಿ ಹೋದ. ಕ್ಯಾಬಿನ್ ಬಾಗಿಲು ತೆರೆಯಿತು. ವಾಪಸು ಓಡಿಸಲು ರೈಲಿನ ಇನ್ನೊಂದು ತುದಿಗೆ ಹೋಗಬೇಕಾದ ಮಗಳು, ನೀಲಿ ಸಮವಸ್ತ್ರದಲ್ಲಿ, ಹೆಗಲಿಗೆ ಚೀಲ ಹಾಕಿಕೊಂಡು ಪ್ಲಾಟ್‌ಫಾರ್ಮಿನಲ್ಲಿ ನಡೆದುಬಂದಳು. ಮರದ ಪುಡಿಯ ಕೋಟಿನ ಅಪ್ಪ ಪ್ಲಾಟ್‌ಫಾರ್ಮಿನ ಅಂಚಿನಲ್ಲೇ ನಿಂತಿದ್ದ.

“ಹಳದಿ ಗೆರೆ ಬಿಟ್ಟು ಹಿಂದೆ ನಿಲ್ಲಿ ಸಾರ್,” ಅಂದಳು ಅವಳು, ಬೇರೆ ಯಾರಿಗಾದರೂ ಹೇಳುವಂತೆಯೇ. ತುಟಿಯ ಒಂದು ತುದಿ ಮಾತ್ರ ಮಾತು ಕೇಳಲಿಲ್ಲ.

ಅವನು ಹಿಂದೆ ಸರಿದ. ಯಾರೋ ಹೇಳಿದ ಕಡೆಗೆ ಅಷ್ಟು ಸಂತೋಷದಿಂದ ಅವನು ಹೋದದ್ದನ್ನು ಹೆಂಡತಿ ಮದುವೆಯಾದಾಗಿನಿಂದ ನೋಡಿರಲಿಲ್ಲ.

“ಬನ್ನಿ,” ಅಂದಳು, “ಮೆಟ್ಟಿಲು ಇಲ್ಲೇ ಇದೆ. ಇಷ್ಟು ದೂರ ಬಂದಿದೀವಿ, ಊರು ನೋಡೋಣ.”

ಮೇಲಿನಿಂದ ನಗರದ ಬೆಳಕು, ಹಾರನ್ನು, ಗದ್ದಲ ಎಲ್ಲವೂ ಮೆಟ್ಟಿಲಿಳಿದು ಬರುತ್ತಿತ್ತು. ಅವನು ಒಮ್ಮೆ ಅತ್ತ ನೋಡಿದ, ಒಮ್ಮೆ ದೂರ ಹೋಗುತ್ತಿದ್ದ ನೀಲಿ ಸಮವಸ್ತ್ರದತ್ತ.

“ಊರು ಎಲ್ಲಿಗೂ ಓಡಿಹೋಗಲ್ಲ ಕಣೇ. ರೈಲು ಹೋಗಿಬಿಡುತ್ತೆ,” ಎಂದವನೇ ಆ ತುದಿಯ ಬೋಗಿಯತ್ತ ಓಡತೊಡಗಿದ.

ಹೆಂಡತಿ ಮತ್ತೆ ಚಪ್ಪಲಿ ಕೈಗೆತ್ತಿಕೊಂಡು ಅವನನ್ನು ಅರ್ಧ ದಾರಿಯಲ್ಲೇ ಹಿಂದೆ ಹಾಕಿದಳು.