ಅಂಗಳದಲ್ಲಿ ಬಿಚ್ಚಿದ ಬ್ರೇಕು

ಕಳೆದ ತಿಂಗಳು ರಾಮನಗರದ ಒಂದು ಶೆಡ್ಡಿಗೆ ಕಾರು ಬಿಡಲು ಹೋಗಿದ್ದೆ. ಬ್ರೇಕ್ ಒತ್ತಿದರೆ ಒಂದು ಕಡೆಗೆ ಎಳೆಯುತ್ತಿತ್ತು. ಕಾರು ಓಡಿಸಲು ಕಲಿತು ಎಷ್ಟೋ ವರ್ಷವಾಯಿತು, ಆದರೂ ಬಾನೆಟ್ ತೆರೆಯುವ ಕೊಂಡಿ ಎಲ್ಲಿದೆ ಎಂದು ಇವತ್ತಿಗೂ ಯಾರನ್ನಾದರೂ ಕೇಳುವವಳು ನಾನು. ಮೆಕ್ಯಾನಿಕ್ಕನ ಮಗಳು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಶೆಡ್ಡಿನವನು ಚಕ್ರ ಬಿಚ್ಚಿ, ಕೆಲಸವೆಲ್ಲ ಮುಗಿಸಿ, "ಮೇಡಂ, ಜೊತೆಯವ್ನು ಊಟಕ್ಕೋಗವ್ನೆ. ಒಸಿ ಒಳಗೆ ಕೂತು ಪೆಡಲ್ ಒತ್ತಿ, ಪೈಪಲ್ಲಿ ಸೇರ್ಕಂಡಿರೋ ಏರ್ ತೆಗೀಬೇಕು" ಎಂದ. ಹೋಗಿ ಕೂತೆ. ಕೆಳಗಿನಿಂದ ಅವನ ದನಿ ಬಂತು: "ಒತ್ತಿ... ಹಿಡ್ಕಳಿ... ಬುಡಿ." ಜೊತೆಗೇ ಬ್ರೇಕ್ ಆಯಿಲಿನ ವಾಸನೆಯೂ ಬಂತು. ಹರಳೆಣ್ಣೆಗೂ ಮೀನಿಗೂ ನಡುವಿನ ಒಂದು ವಾಸನೆ ಅದು. ನನ್ನ ಕಾಲು ಪೆಡಲಿನ ಮೇಲೇ ಇತ್ತು, ಮನಸ್ಸು ಮಾತ್ರ ಸಾತನೂರಿನ ನಮ್ಮ ಮನೆಯ ಅಂಗಳಕ್ಕೆ ಹೋಗಿಬಿಟ್ಟಿತ್ತು.

ಅಪ್ಪ ಸರ್ಕಾರಿ ಬಸ್ಸಿನ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು. ಅವ್ವ ರೇಷ್ಮೆ ಹುಳ ಸಾಕುತ್ತಿದ್ದಳು. ಹುಳುಗಳಿಗೆ ಯಾವ ಘಾಟೂ ಆಗುವುದಿಲ್ಲ ನೋಡಿ. ಹಾಗಾಗಿ ಅಪ್ಪ ಡಿಪೋದಿಂದ ಬಂದರೆ ಮೈಗೆ ನೀರು ಹಾಕಿಕೊಳ್ಳುವ ತನಕ ಹುಳದ ಮನೆಯ ಕಡೆ ತಲೆ ಹಾಕುವಂತಿರಲಿಲ್ಲ. "ನನ್ನ ಮನೆಯಲ್ಲಿ ನನಗಿಂತ ಹುಳಕ್ಕೇ ಮರ್ಯಾದೆ" ಎಂದು ಬಂದವರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದ. ಹಾಗೆ ನಗುತ್ತಿದ್ದ ಅಪ್ಪನನ್ನು ನೆನಪು ಮಾಡಿಕೊಳ್ಳಲು ಈಗ ಸ್ವಲ್ಪ ಕಷ್ಟಪಡಬೇಕು.

ನನಗೊಬ್ಬಳು ತಂಗಿ ಇದ್ದಳು, ಸುಧಾ. ಎರಡು ಸಾವಿರದ ಇಸವಿ ದಾಟಿದ ಹೊಸತು. ಹಾರೋಹಳ್ಳಿ, ಬಿಡದಿಯ ಕಡೆ ಹೊಲಗಳ ನಡುವೆ ಒಂದೊಂದಾಗಿ ಕಾರ್ಖಾನೆಗಳು ಏಳುತ್ತಿದ್ದವು. ನಮ್ಮ ಕಡೆಯ ಹೆಣ್ಣುಮಕ್ಕಳನ್ನು ಕರೆದೊಯ್ಯಲು ಬೆಳಗಾದರೆ ವ್ಯಾನುಗಳು ಬರುತ್ತಿದ್ದವು. ನಾನು ರಾಮನಗರದಲ್ಲಿ ಓದುತ್ತಿದ್ದೆ. ಅವಳು ಪಿಯುಸಿಗೇ ಓದು ನಿಲ್ಲಿಸಿ ಗಾರ್ಮೆಂಟ್ಸ್ ಸೇರಿದಳು. ಅಲ್ಲಿ ಅವಳ ಕೆಲಸ ಕಾಲರ್ ಹೊಲಿಯುವುದು, ಅಷ್ಟೇ. "ಅಕ್ಕಯ್ಯ, ಇಷ್ಟೊಂದ್ ಕಾಲರ್ ವಲ್ದಿವ್ನಿ, ಅದ್ರ ಕೆಳಗೆ ಅಂಗಿ ಯಂಗಿರ್ತದೆ ಅಂತ ಒಂದ್ ಸಲಾನೂ ನೋಡಿಲ್ಲ" ಎಂದು ನಗುತ್ತಿದ್ದಳು. ವ್ಯಾನಿನಲ್ಲಿ ಗಾಳಿಗೆಂದು ಯಾವಾಗಲೂ ಬಾಗಿಲ ಪಕ್ಕದ ಸೀಟಿನಲ್ಲೇ ಕೂರುತ್ತಿದ್ದಳು. ವ್ಯಾನು ಓಡಿಸುತ್ತಿದ್ದವನು ನಮ್ಮೂರಿನವನೇ ಆದ ನಾಗರಾಜ, ಮದುವೆಯಾಗಿ ಇನ್ನೂ ವರ್ಷ ತುಂಬದ ಹುಡುಗ.

ಒಂದು ಬೆಳಿಗ್ಗೆ ಕನಕಪುರದ ದಾರಿಯ ಇಳಿಜಾರಿನಲ್ಲಿ ಆ ವ್ಯಾನಿನ ಬ್ರೇಕ್ ಹಿಡಿಯಲಿಲ್ಲ. ಅದು ಹೋಗಿ ಹುಣಸೆಮರಕ್ಕೆ ಬಡಿಯಿತು. ಒಳಗಿದ್ದವರಿಗೆಲ್ಲ ಪೆಟ್ಟಾಯಿತು, ನಾಗರಾಜನ ಬಲಗಾಲು ಮುರಿಯಿತು. ಸತ್ತವಳು ಸುಧಾ ಒಬ್ಬಳೇ.

ಮುಂದಿನ ಚಕ್ರದ ಬ್ರೇಕ್ ಹೋಸ್ ಒಡೆದಿತ್ತು ಎಂದು ಆಮೇಲೆ ಗೊತ್ತಾಯಿತು. ಹೋಸ್ ಎಂದರೆ ಗೇಣುದ್ದದ ಒಂದು ರಬ್ಬರ್ ಪೈಪು. ನೀವು ಪೆಡಲ್ ತುಳಿದರೆ ಅದರೊಳಗಿನ ಎಣ್ಣೆಯೇ ಚಕ್ರದವರೆಗೆ ಹೋಗಿ ಒತ್ತಬೇಕು. ಪೊಲೀಸ್ ಠಾಣೆಯ ಮುಂದೆ ನಿಲ್ಲಿಸಿದ್ದ ಆ ನುಜ್ಜುಗುಜ್ಜಾದ ವ್ಯಾನನ್ನು ಅಪ್ಪ ಒಬ್ಬನೇ ಹೋಗಿ ನೋಡಿ ಬಂದ.

ತಿಥಿ ಮುಗಿದ ಮೇಲೆ ಅಪ್ಪ ಬೆಳಿಗ್ಗೆ ಎದ್ದು ಬೀದಿಯಲ್ಲಿ ನಿಲ್ಲತೊಡಗಿದ. ಬರುವ ವ್ಯಾನುಗಳಿಗೆಲ್ಲ ಕೈ ಅಡ್ಡ ಹಿಡಿದು, "ಬ್ರೇಕ್ ಯಂಗೈತಪ್ಪ? ಬಾನ್ವಾರ ಮನೆತಕೆ ತಕ್ಕಂಡ್ ಬಾ, ನೋಡ್ಕೊಡ್ತೀನಿ" ಎನ್ನುತ್ತಿದ್ದ. ಮಗಳು ಸತ್ತು ತಲೆ ಕೆಟ್ಟಿದೆ ಎಂದುಕೊಂಡವರೂ ಇದ್ದರು. ನಿಧಾನಕ್ಕೆ ಒಬ್ಬೊಬ್ಬರಾಗಿ ಬಂದರು. ಡಿಪೋದ ಬಸ್ಸುಗಳದ್ದು ಗಾಳಿಯ ಬ್ರೇಕು. ಈ ಎಣ್ಣೆ ಬ್ರೇಕು ಅಪ್ಪನಿಗೂ ಅಷ್ಟು ಅಭ್ಯಾಸವಿರಲಿಲ್ಲ. ಕನಕಪುರದಲ್ಲಿ ಪರಿಚಯದವರೊಬ್ಬರ ಶೆಡ್ಡಿನಲ್ಲಿ ಕೂತು, ಆ ವಯಸ್ಸಿನಲ್ಲಿ ಕಲಿತು ಬಂದ.

ನಾನು ಭಾನುವಾರ ಊರಿಗೆ ಹೋದಾಗಲೆಲ್ಲ ಹೊಂಗೆ ಮರದ ಕೆಳಗೆ ಯಾವುದಾದರೂ ಗಾಡಿ ಜಾಕಿಯ ಮೇಲೆ ನಿಂತಿರುತ್ತಿತ್ತು. ಚಕ್ರದೊಳಗೆ ಬ್ರೇಕ್ ಪ್ಯಾಡುಗಳನ್ನು ಅಮುಕಿ ಹಿಡಿಯುವ ಕಬ್ಬಿಣದ ಮುಷ್ಟಿಯಂಥದ್ದು ಕ್ಯಾಲಿಪರ್. ಅಪ್ಪ ಅದನ್ನು ಬಿಚ್ಚಿ, ಒಳಗಿನ ಪಿಸ್ಟನ್ನನ್ನು ಸೈಕಲ್ ಪಂಪಿನ ಗಾಳಿಯಿಂದ ಹೊರಗೆ ತಳ್ಳುತ್ತಿದ್ದ. ತುಕ್ಕು ಹಿಡಿದದ್ದನ್ನು ಉಜ್ಜಿ ನಯ ಮಾಡಿ, ಹೊಸ ರಬ್ಬರ್ ಸೀಲಿಗೆ ಬೆರಳಿನಿಂದ ಬ್ರೇಕ್ ಆಯಿಲ್ ಸವರಿ ಕೂರಿಸುತ್ತಿದ್ದ. ಎಳೆಯ ಮಗುವಿನ ತಲೆಗೆ ಎಣ್ಣೆ ಹಚ್ಚುವ ಹಾಗೆ ಕಾಣುತ್ತಿತ್ತು ನನಗೆ. ಹಳೆಯ ಹೋಸನ್ನು ಹೇಗಿದ್ದರೂ ಬಿಸಾಡುತ್ತಿದ್ದ. "ಮೇಲ್ಗಡೆ ಚೆನ್ನಾಗೇ ಐತಲ್ಲಣ್ಣ" ಎಂದು ಯಾರಾದರೂ ಅಂದರೆ ಅದನ್ನು ಬಗ್ಗಿಸಿ, ಬಿಟ್ಟ ಬಿರುಕು ತೋರಿಸುತ್ತಿದ್ದ. ಅವ್ವನ ಲೋಟಗಳು ಒಂದೊಂದಾಗಿ ಬ್ರೇಕ್ ಆಯಿಲಿಗೆ ಹೋದವು. ಬೇರೆ ಕಾಲವಾಗಿದ್ದರೆ ದೊಡ್ಡ ಜಗಳವೇ ಆಗುತ್ತಿತ್ತು.

ಹೀಗಿರುವಾಗ ಒಂದು ಭಾನುವಾರ ಮಧ್ಯಾಹ್ನ ನಾಗರಾಜ ಬಂದ. ಹಾಲಿನ ಕ್ಯಾನು ಸಾಗಿಸುವ ಒಂದು ಹಳೆಯ ಗಾಡಿಗೆ ಡ್ರೈವರ್ ಆಗಿ ಸೇರಿದ್ದನಂತೆ. ಗಾಡಿಯನ್ನು ಬೀದಿಯಲ್ಲೇ ನಿಲ್ಲಿಸಿ, ಕುಂಟುತ್ತಾ ಇಳಿದು, ಬೇಲಿಯಾಚೆ ನಿಂತ. ಅವ್ವ ಜಗಲಿಯ ಮೇಲೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದಳು. ಅವನನ್ನು ಕಂಡದ್ದೇ ಸೊಪ್ಪು, ಕತ್ತಿ ಎರಡನ್ನೂ ಅಲ್ಲೇ ಬಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಯಾಕ್ಲಾ ಅಲ್ಲೇ ನಿಂತ್ಕಂಡೆ?" ಎಂದ ಅಪ್ಪ.

"ಗಾಡಿ ತಂದೀನಿ ಅಣ್ಣ. ನೀವು ಬ್ಯಾಡ ಅಂದ್ರೆ ಓಯ್ತೀನಿ."

ಅಪ್ಪ ಕೈಯಲ್ಲಿದ್ದ ಬಟ್ಟೆಯಿಂದ ಬೆರಳುಗಳನ್ನು ಒರೆಸುತ್ತಲೇ ಇದ್ದ. ಬೆರಳುಗಳು ಆಗಲೇ ಶುಭ್ರವಾಗಿದ್ದವು. ಆಮೇಲೆ, "ಒಳಕ್ ತಕ್ಕಂಡ್ ಬಾ" ಎಂದ.

ಜಗಲಿಯ ಕಂಬಕ್ಕೆ ಒರಗಿ ಕೂತು ನಾನು ನೋಡುತ್ತಿದ್ದೆ. ಇಬ್ಬರೂ ಚಕ್ರದ ಪಕ್ಕ ಎದುರುಬದುರು ಕೂತಿದ್ದರು. ಪಿಸ್ಟನ್ ಕೈಯಲ್ಲಿ ಹಿಡಿದುಕೊಂಡೇ ಅಪ್ಪ ಕೇಳಿದ: "ಅವತ್ತು ಪೆಡಲ್ ಮೆತ್ಗಿತ್ತೇನ್ಲಾ?"

ನಾಗರಾಜ ತಲೆ ಎತ್ತಲಿಲ್ಲ. "ಇತ್ತಣ್ಣ. ಎಲ್ಡ್ ಮೂರ್ ದಿನದಿಂದ ಅಂಗೇ ಇತ್ತು. ಎಲ್ಡೆಲ್ಡ್ ಸಲ ತುಳ್ಕಂಡು ಓಡುಸ್ತಿದ್ದೆ. ಬಾನ್ವಾರ ತೋರ್ಸಾನ ಅನ್ಕಂಡಿದ್ದೆ."

ಅಪ್ಪ ಹೊಡೆದೇಬಿಡುತ್ತಾನೆ ಎಂದು ನಾನು ಎದ್ದು ನಿಂತೆ. ಅಪ್ಪ ಹೊಡೆಯಲಿಲ್ಲ. "ದಿನಾ ನಮ್ಮನೆ ಬಾಗಲ್ಗೇ ಬತ್ತಿತ್ತು ನಿನ್ ಗಾಡಿ" ಎಂದ. "ಇದೇ ಕೆಲ್ಸ ಮಾಡ್ದೋನು ನಾನು. ಒಂದ್ ದಿನ ಬಗ್ಗಿ ನೋಡ್ನಿಲ್ಲ ಕಣ್ಲಾ."

ಕೊನೆಗೆ ಹೊಸ ಹೋಸ್ ಹಾಕಿದ್ದಾಯಿತು. ಏರ್ ತೆಗೆಯಲು ಇಬ್ಬರು ಬೇಕು. ನಾಗರಾಜ ಡ್ರೈವರ್ ಸೀಟಿನಲ್ಲಿ ಕೂತ, ಅಪ್ಪ ಚಕ್ರದ ಹತ್ತಿರ ಅಂಗಾತ ಮಲಗಿದ. "ಒತ್ತು. ಹಿಡ್ಕ. ಬುಡು." ಮುರಿದು ಕೂಡಿದ್ದ ಕಾಲಿನಿಂದ ಒತ್ತಬೇಕಾಗಿತ್ತು ಅವನು. ಕಾಲು ಜಾರುತ್ತಿತ್ತು. ಸ್ಟೇರಿಂಗಿಗೆ ಹಣೆ ಕೊಟ್ಟು ಸದ್ದಿಲ್ಲದೆ ಅಳುತ್ತಿದ್ದ. ಕೆಳಗಿದ್ದ ಅಪ್ಪನಿಗೆ ಅದು ಗೊತ್ತಾಗಿರಬೇಕು. ಕಾಲು ಜಾರಿದಾಗಲೆಲ್ಲ ಗದರದೆ, ಮತ್ತೆ ಮೊದಲಿನಿಂದ "ಒತ್ತಪ್ಪ" ಎನ್ನುತ್ತಿದ್ದ.

ಗಾಡಿ ಹೋದ ಮೇಲೆ ಅವ್ವ ಬಾಗಿಲು ತೆಗೆದಳು. ಅದು ನಿಂತಿದ್ದ ಜಾಗಕ್ಕೆ ಬಿಂದಿಗೆಗಟ್ಟಲೆ ನೀರು ಸುರಿದಳು. "ಮಗ್ಳ ಕೊಂದೋನ ಗಾಡಿಗೆ ಕೈ ಹಾಕ್ದಲ್ಲ ನೀನು" ಎಂದಳು.

"ಅದ್ರ ಮುಂದೂ ಯಾರೋ ಮಕ್ಳು ಓಡಾಡ್ತವೆ ಕಣಮ್ಮಿ" ಎಂದ ಅಪ್ಪ.

ಅವರಿಬ್ಬರ ನಡುವೆ ಬಹಳ ದಿನ ಮಾತಿರಲಿಲ್ಲ. ಅಪ್ಪ ತೀರಿಕೊಂಡಾಗ ನಾಗರಾಜ ಬಂದು ಬೀದಿಯ ಆಚೆ ಬದಿಯಲ್ಲಿ ನಿಂತಿದ್ದ. ಅವ್ವ ಮುಖ ತಿರುಗಿಸಿದಳು. ಅವ್ವನದು ಕಲ್ಲು ಮನಸ್ಸು ಎಂದು ನೆಂಟರು ಆಡಿಕೊಂಡರು. ಹೆತ್ತವಳ ಸಿಟ್ಟು, ಇದ್ದರೆ ಇರಲಿ ಎಂದುಕೊಂಡಿದ್ದೆ ನಾನು.

ಶೆಡ್ಡಿನಿಂದ ಕಾರು ಬಂದ ವಾರವೇ ಅವ್ವನನ್ನು ಕೆಂಗಲ್ ಆಂಜನೇಯನ ಗುಡಿಗೆ ಕರೆದುಕೊಂಡು ಹೊರಟೆ. ಸಾತನೂರು ಬಿಟ್ಟು ಚನ್ನಪಟ್ಟಣದ ದಾರಿ ಹಿಡಿದ ಮೇಲೆ ಅವ್ವ, "ನಾಗ್ರಾಜ ತೀರ್ಕಂಡ. ಮಣ್ಣಿಗೆ ಓಗಿದ್ದೆ" ಎಂದಳು.

"ನೀನಾ?"

"ಊಂ. ಅವ್ನ ಎಂಡ್ರು ಮುಂದೆ ನಿಂತ್ಕಂಡೆ. ಬಾಯೇ ಬರ್ನಿಲ್ಲ."

ಕಿಟಕಿಯಾಚೆ ನೋಡುತ್ತಲೇ ಶುರು ಮಾಡಿದಳು. "ಅವತ್ತು ಬೆಳಿಗ್ಗೆ ಸುಧಂಗೆ ಮೈ ಕಾಯ್ತಿತ್ತು. ಓಗಕ್ಕಿಲ್ಲ ಕಣವ್ವ, ಮನಗ್ತೀನಿ ಅಂದ್ಲು. ಮನೆ ತುಂಬ ಹುಳ ಹಣ್ಣಾಗಿ ಗೂಡು ಕಟ್ಟಾಕೆ ಕುಂತವೆ, ನೀ ಮನಗಾಕೆ ಜಾಗ ಎಲ್ಲೈತೆ, ಎದ್ದೋಗು ಅಂದ್ಬುಟ್ಟೆ. ಎಬ್ಬಿಸಿ ವ್ಯಾನು ಅತ್ತಿಸ್ದೋಳು ನಾನೇ."

ನಾನು ಕಾರನ್ನು ಪಕ್ಕಕ್ಕೆ ನಿಲ್ಲಿಸಿದೆ. "ಅಪ್ಪಂಗೆ ಗೊತ್ತಿತ್ತಾ?"

"ಯಾರ್ಗೂ ಯೋಳ್ನಿಲ್ಲ. ಅವತ್ತು ಅವ್ರಿಬ್ರೂ ಅಂಗಳದಲ್ಲಿ ಆಡಿದ್ದೆಲ್ಲ ಬಾಗ್ಲಿಂದೆ ನಿಂತು ಕೇಳಿಸ್ಕಂಡೆ. ನಂದೇ ತಪ್ಪು, ನಂದೇ ತಪ್ಪು ಅಂತಿದ್ರು. ಈಚಿಗೆ ಬಂದು ನಂದೂ ಐತೆ ಅನ್ನಬೋದಿತ್ತು. ಅನ್ನಕ್ಕಾಗ್ನಿಲ್ಲ. ಅವ್ನ ಮ್ಯಾಲೆ ಸಿಟ್ಟು ಮಾಡ್ಕಂಡಿದ್ರೆ ಒಸಿ ಉಸ್ರಾಡಂಗಿತ್ತು ನಂಗೆ. ಈಗ ಅವ್ನೂ ಓದ."

ಅವ್ವ ಬಾಯಿ ತೆರೆದು ಅತ್ತಳು, ಮಕ್ಕಳು ಅಳುವ ಹಾಗೆ. ಅವಳ ಕೈ ಹಿಡಿದುಕೊಂಡು ಕೂತೆ. ಲಾರಿಗಳು ಪಕ್ಕದಲ್ಲೇ ಹಾದುಹೋಗುವಾಗ ಕಾರು ಅಲ್ಲಾಡುತ್ತಿತ್ತು.

ಅವತ್ತು ನಾವು ಕೆಂಗಲ್‌ಗೆ ಹೋಗಲಿಲ್ಲ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, "ತಿರುಗ್ಸು" ಎಂದಳು. ನಾಗರಾಜನ ಮನೆಯ ಮುಂದೆ ಅವನ ಹೆಂಡತಿ ಒಬ್ಬಳೇ ಕೂತಿದ್ದಳು. ನನ್ನನ್ನು ಕಾರಿನಲ್ಲೇ ಇರು ಎಂದು ಹೇಳಿ ಅವ್ವ ಇಳಿದು ಹೋದಳು. ಹೋಗಿ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತಳು. ನನಗೆ ಹೇಳಿದ್ದನ್ನೇ ಅವಳಿಗೂ ಹೇಳುತ್ತಿರಬೇಕು, ಅವ್ವನ ತುಟಿ ಅಲುಗುವುದು ಕಾಣುತ್ತಿತ್ತು. ಆ ಹೆಂಗಸು ಮೊದಲು ನೆಲ ನೋಡುತ್ತಾ ಕೇಳಿಸಿಕೊಂಡಳು. ಆಮೇಲೆ ಅವ್ವನ ಕಡೆ ತಿರುಗಿದಳು.